ನಾಲ್ಕು ಥ್ರೆಡ್ಡು, ಒಂದು ಮಳೆ ಪುಸ್ತಕ

ಬೇರೆ ಊರಲ್ಲಿ ಮಳೆ ಬಂತು ಅಂದ್ರೆ ಮಳೆ ಬಂತು, ಅಷ್ಟೇ. ಕೊಡಗಿನಲ್ಲಿ ಹಾಗಲ್ಲ. ಎಷ್ಟು ಇಂಚು, ಎಷ್ಟು ಸೆಂಟು ಅಂತ ಹೇಳಬೇಕು. ಒಂದು ಇಂಚಿಗೆ ನೂರು ಸೆಂಟು. ಪೇಪರಿನವರು ಮಿಲಿಮೀಟರಿನಲ್ಲಿ ಬರೆದುಕೊಳ್ಳಲಿ, ತೋಟದವರ ಬಾಯಲ್ಲಿ ಬರೋದು ಮಾತ್ರ "ನಮ್ಮಲ್ಲಿ ಮೂರು ನಲವತ್ತು, ನಿಮ್ಮಲ್ಲಿ ಎಷ್ಟು?" ಅಂತಲೇ. ಕೇಳಿಸಿಕೊಂಡವರು ಮೂರು ಐವತ್ತು ಅಂತ ಹೇಳಿಯೇ ಹೇಳುತ್ತಾರೆ. ಪಕ್ಕದ ತೋಟಕ್ಕಿಂತ ಹತ್ತು ಸೆಂಟಾದರೂ ಜಾಸ್ತಿ ಬೀಳದಿದ್ದರೆ ಮರ್ಯಾದೆ ಏನು ಉಳೀತು?

ನಮ್ಮ ಗಣುವಿನ ಮನೆ ಗಾಳಿಬೀಡಿನ ಕಡೆ. ಅವನ ತಾತ ಶುರು ಮಾಡಿದ ಮಳೆ ಪುಸ್ತಕವನ್ನು ಈಗ ಅವನಮ್ಮ ಮುಂದುವರಿಸಿದ್ದಾರೆ. ಒಟ್ಟು 60 ವರ್ಷದ ಲೆಕ್ಕ. ಉದ್ದನೆಯ ಲೆಡ್ಜರು, ನೀಲಿ ಶಾಯಿ, ಮಳೆಗಾಲದ ಪುಟಗಳಲ್ಲೆಲ್ಲ ಬೂಷ್ಟು ಹಿಡಿದ ಕಲೆ. ತಾತ ಬರೆದಿದ್ದು ಕನ್ನಡ ಅಂಕಿಯಲ್ಲಿ. ತಿಂಗಳ ಕೊನೆಗೆ ಪೆನ್ಸಿಲಿನಲ್ಲಿ ಒಟ್ಟು ಮೊತ್ತ. ದಿನದ ಅಂಕಿಗಳನ್ನೆಲ್ಲ ಹನೀಫನ ಅಂಗಡಿಯಲ್ಲಿ ಟೈಪ್ ಮಾಡಿಸಿ, ಅದನ್ನು ಕೂಡಿಸುವ ಪ್ರೋಗ್ರಾಮನ್ನು ಗಣು ರಸ್ಟ್ ಭಾಷೆಯಲ್ಲಿ ಬರೆಯಲು ಕೂತ. ಅದೂ ನಾಲ್ಕು ಥ್ರೆಡ್ಡಿನಲ್ಲಿ. ಥ್ರೆಡ್ ಅಂದ್ರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ದುಡಿಯುವ ಒಬ್ಬೊಬ್ಬ ಆಳು ಇದ್ದ ಹಾಗೆ.

"ನಾಲ್ಕು ಎಂತಕ್ಕೆ ಮಾರಾಯ?" ಅಂತ ಕೇಳಿದೆ.

"ಲ್ಯಾಪ್‌ಟಾಪಿನಲ್ಲಿ ನಾಲ್ಕು ಕೋರ್ ಉಂಟಲ್ಲ. ಸುಮ್ನೆ ಕೂರಿಸಿ ಊಟ ಹಾಕೋದಾ?"

60 ವರ್ಷಕ್ಕೆ ದಿನಕ್ಕೊಂದು ಅಂಕಿ ಅಂದ್ರೆ ಹತ್ತಿರ ಹತ್ತಿರ 22 ಸಾವಿರ. ನಾಲ್ಕು ಥ್ರೆಡ್ ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಒಂದೇ ಥ್ರೆಡ್ ಇಷ್ಟನ್ನೂ ಕೂಡಿಸಿ ಮುಗಿಸಿರುತ್ತೆ. ಇದನ್ನು ಹೇಳಿದರೆ ಗಣು ಕೇಳುವವನಲ್ಲ. ಅವನಿಗೆ ಬೇಕಾಗಿದ್ದು ಮಳೆ ಲೆಕ್ಕ ಅಲ್ಲ, ಥ್ರೆಡ್ಡು.

ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸಕ್ಕೆ ಕರೆದಿದ್ದರು ಅಂತ ನಾನು, ಹನೀಫ ಹೋದೆವು. ಗಣುವಿನ ದೊಡ್ಡಪ್ಪನ ಮಗಳು ಸುಮಕ್ಕನೂ ಬಂದಿದ್ದರು. ಅವರು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವರು. ಮದ್ದು ಸೊಪ್ಪಿನ ಪಾಯಸ ಅಂದ್ರೆ ಶಾಯಿ ಕದಡಿದ ಹಾಗೆ ಕಡು ನೇರಳೆ ಬಣ್ಣ. ಮಾರನೇ ದಿನ ಬೆಳಿಗ್ಗೆ ಬಚ್ಚಲಲ್ಲಿ ಏನು ಕಾಣುತ್ತೆ ಅಂತ ಹೊರಗಿನವರಿಗೆ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಹೆದರಿ ಆಸ್ಪತ್ರೆಗೆ ಓಡುತ್ತಾರೆ.

ಗಣು ಮಾತ್ರ ಪಾಯಸ ಮುಟ್ಟಿರಲಿಲ್ಲ. ಸ್ಕ್ರೀನು ಅವನ ಮುಖಕ್ಕಿಂತ ಕೆಂಪಗಿತ್ತು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ, ತಪ್ಪು ಕಂಡರೆ ತಡೆಯುವ ಕಂಪೈಲರ್ ಕೆಂಪಕ್ಷರದಲ್ಲಿ ತಕರಾರು ಬರೆದಿತ್ತು.

"ನೋಡಿ ಇದು! ಅಂಕಿಗಳ ಪಟ್ಟಿ ಇಟ್ಟ ವೆಕ್ಟರು ನನ್ನದೇ, ಥ್ರೆಡ್ಡೂ ನನ್ನದೇ. ಸುಮ್ನೆ ಓದಿ ಕೂಡಿಸು ಅಂತ ಕೊಟ್ರೆ ಆಗಲ್ಲ ಅಂತದೆ. ಥ್ರೆಡ್ಡಿಗೆ ಕೊಟ್ಟ ಕೆಲಸದ ತುಂಡು, ಅದೇ ಕ್ಲೋಷರು, ಈ ಫಂಕ್ಷನ್ನಿಗಿಂತ ಜಾಸ್ತಿ ಹೊತ್ತು ಬದುಕಬಹುದಂತೆ. ಆದ್ರೆ ಅದರ ಕೈಯಲ್ಲಿರೋದು ಫಂಕ್ಷನ್ನಿನಿಂದ ಎರವಲು ತಂದ ಮಾಲಂತೆ."

"ಸಿ ಭಾಷೆಯಲ್ಲಿ ಬರಿ ಅಂತ ಅವತ್ತೇ ಹೇಳಿದ್ದೆ," ಅಂದ ಹನೀಫ. "ಅಂಕಿ ಇರೋ ಜಾಗದ ವಿಳಾಸ, ಅದೇ ಪಾಯಿಂಟರ್, ಕೊಟ್ರೆ ಆಯ್ತು. ಯಾರೂ ಏನೂ ಕೇಳಲ್ಲ."

"ಯಾರೂ ಕೇಳಲ್ಲ ಅನ್ನೋದೇ ತೊಂದರೆ," ಅಂದರು ಸುಮಕ್ಕ. "ಗಣು, ಮೆಣಸು ಕುಯ್ಯೋಕೆ ಆಳನ್ನ ಸಿಲ್ವರ್ ಓಕ್ ಮರಕ್ಕೆ ಹತ್ತಿಸಿದ್ದೀಯ ಅಂತ ಇಟ್ಕೊ. ಏಣಿ ನಿಂದು. ಅವನು ಇನ್ನೂ ತುದಿಯಲ್ಲಿದ್ದಾನೆ. ನಿನಗೆ ಹೊತ್ತಾಯ್ತು ಅಂತ ಏಣಿ ಎತ್ತಿಕೊಂಡು ಮನೆಗೆ ಹೋದ್ರೆ?"

"ಬೊಬ್ಬೆ ಹಾಕ್ತಾನೆ."

"ಥ್ರೆಡ್ಡು ಬೊಬ್ಬೆ ಹಾಕಲ್ಲ. ಫಂಕ್ಷನ್ ಮುಗಿದ ಮೇಲೆ ಅದು ತಾತ್ಕಾಲಿಕವಾಗಿ ಬಳಸಿದ ಮೆಮೊರಿ, ಅಂದ್ರೆ ಸ್ಟ್ಯಾಕಿನ ಜಾಗ, ಇನ್ಯಾರಿಗೋ ಹೋಗಿರುತ್ತೆ. ಥ್ರೆಡ್ಡಿಗೆ ಅದು ಗೊತ್ತಾಗಲ್ಲ. ಹಳೇ ವಿಳಾಸಕ್ಕೇ ಹೋಗಿ ಅಲ್ಲಿ ಇರೋದನ್ನೇ ಮಳೆ ಅಂತ ಕೂಡಿಸ್ತಾ ಇರುತ್ತೆ."

ಹನೀಫ ಗಡಿಬಿಡಿಯಲ್ಲಿ ಪಾಯಸದ ಬಟ್ಟಲಿಗೆ ಮುಖ ಹಾಕಿದ. ಕಾರಣ ನನಗೆ ಗೊತ್ತು. ಹಿಂದಿನ ವಾರ ಅವನೂ ಸಿ ಭಾಷೆಯಲ್ಲಿ ಇದನ್ನೇ ಬರೆದಿದ್ದ. ಅಂಗಡಿಯಲ್ಲಿ ಸರಿಯಾಗಿಯೇ ಓಡಿತ್ತು. ಗಣುವಿನ ಮನೆಗೆ ತಂದು ಓಡಿಸಿದರೆ ಜೂನ್ ತಿಂಗಳ ಮಳೆ 42 ಲಕ್ಷ ಇಂಚು! "ಗಾಳಿಬೀಡಲ್ವಾ, ಬಿದ್ದಿರಬಹುದು" ಅಂತ ಹೇಳಿ ಹೊರಟು ಹೋಗಿದ್ದ.

ಕಂಪೈಲರ್ ಕೆಳಗಡೆ ಉಪಾಯವನ್ನೂ ಹೇಳಿತ್ತು: ಮೂವ್ ಅಂತ ಒಂದು ಪದ ಸೇರಿಸು, ವೆಕ್ಟರನ್ನು ಪೂರ್ತಿ ಕೊಟ್ಟುಬಿಡು. ಗಣು ಸೇರಿಸಿದ. ಮೊದಲನೇ ಥ್ರೆಡ್ಡು ಇಡೀ ವೆಕ್ಟರನ್ನು ಬಾಚಿಕೊಂಡು ಹೋಯಿತು. ಎರಡನೆಯದಕ್ಕೆ ಏನೂ ಉಳಿಯಲಿಲ್ಲ. ಮತ್ತೆ ಕೆಂಪು.

"ಹಾಗಾದ್ರೆ ನಾಲ್ಕು ಕಾಪಿ ಮಾಡ್ತೀನಿ."

"ತಾತನ ಪುಸ್ತಕ ನಾಲ್ಕು ಸಲ ಜೆರಾಕ್ಸಾ?" ಅಂದೆ. "ಆರ್ಕ್‌ನಲ್ಲಿ ಹಾಕು ಮಾರಾಯ. ಮಾಲು ಒಂದೇ, ಹಕ್ಕುದಾರರು ಎಷ್ಟು ಜನ ಅಂತ ಅದೇ ಎಣಿಸಿಕೊಂಡಿರುತ್ತೆ. ಕೊನೆಯವನು ಬಿಟ್ಟ ಮೇಲೆ ಮಾಲು ಹೋಗುತ್ತೆ."

"ಆರ್ಸಿ ಅಂತ ಒಂದು ಉಂಟಲ್ಲ, ಇನ್ನೂ ಚಿಕ್ಕದು?"

"ಅದೂ ಎಣಿಸುತ್ತೆ. ಆದ್ರೆ ಎರಡು ಥ್ರೆಡ್ಡು ಒಟ್ಟಿಗೇ ಬಂದ್ರೆ ಎಣಿಕೆಯೇ ತಪ್ಪುತ್ತೆ. ಅದಕ್ಕೇ ಅದನ್ನ ಇನ್ನೊಂದು ಥ್ರೆಡ್ಡಿಗೆ ಕಳಿಸೋಕೆ ಕಂಪೈಲರ್ ಬಿಡಲ್ಲ. ಆರ್ಕ್ ಎಣಿಸೋದು ಅಟಾಮಿಕ್ ಆಗಿ, ಅಂದ್ರೆ ಒಬ್ಬನ ಎಣಿಕೆ ಮುಗಿಯೋವರೆಗೆ ಇನ್ನೊಬ್ಬ ಮಧ್ಯ ಬರಲ್ಲ. ಸ್ವಲ್ಪ ಖರ್ಚು ಜಾಸ್ತಿ, ಲೆಕ್ಕ ಮಾತ್ರ ಪಕ್ಕಾ."

ಗಣು ಒಪ್ಪಲಿಲ್ಲ. ಅವನ ವಾದದಲ್ಲೂ ಹುರುಳಿತ್ತು. ದಿನಗಟ್ಟಲೆ ಓಡುವ ಸರ್ವರಿನಲ್ಲಿ ಆರ್ಕ್ ಸರಿ, ಅಲ್ಲಿ ಯಾರು ಮೊದಲು ಹೋಗುತ್ತಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಲ್ಲಿ ಹಾಗಲ್ಲ. ನಾಲ್ಕು ಥ್ರೆಡ್ಡೂ ಕೂಡಿಸಿ ಮುಗಿಸುವವರೆಗೆ ಅವನು ಅಲ್ಲೇ ಕಾಯುತ್ತಾನೆ, ಫಂಕ್ಷನ್ ಮುಗಿಯುವುದೇ ಇಲ್ಲ. "ನಾನು ಏಣಿ ಹಿಡ್ಕೊಂಡು ಕೆಳಗೇ ನಿಂತಿರ್ತೀನಿ ಅಂತ ಹೇಳಿದ್ರೂ ನಂಬಲ್ಲ ಅಂದ್ರೆ ಹೆಂಗೆ?"

ಸುಮಕ್ಕನಿಗೆ ಬೇಕಾಗಿದ್ದೇ ಈ ಪ್ರಶ್ನೆ. ಪಾಠ ಮಾಡುವವರ ಕಣ್ಣಲ್ಲಿ ಒಂದು ಹೊಳಪು ಬರುತ್ತಲ್ಲ, ಅದು ಬಂತು.

"ಒಂದು ಕಾಲದಲ್ಲಿ ನಂಬಿದ್ರು ಕಣೋ. ರಸ್ಟ್ 1.0 ಬಂದಿದ್ದು 2015ರ ಮೇ 15ಕ್ಕೆ. ಅದಕ್ಕೆ ಮುಂಚೆ ಸ್ಕೋಪ್ಡ್ ಅಂತ ಒಂದು ಫಂಕ್ಷನ್ ಇತ್ತು. ಥ್ರೆಡ್ ಶುರು ಮಾಡಿದ್ರೆ ನಿನ್ನ ಕೈಗೆ ಒಂದು ಜಾಯಿನ್ ಗಾರ್ಡ್ ಕೊಡ್ತಿತ್ತು. ಒಂದು ಚೀಟಿ ಅನ್ಕೊ. ಚೀಟಿಯ ಆಯಸ್ಸು ಮುಗಿಯೋ ಹೊತ್ತಿಗೆ ಅದರ ಡಿಸ್ಟ್ರಕ್ಟರ್, ಅಂದ್ರೆ ಕೊನೆಗೆ ಗುಡಿಸಿ ಒಪ್ಪ ಮಾಡೋ ಕೋಡ್, ಓಡಿ, ಥ್ರೆಡ್ ಮುಗಿಯೋವರೆಗೂ ಅಲ್ಲೇ ತಡೆದು ನಿಲ್ಲಿಸ್ತಿತ್ತು."

"ಚೆನ್ನಾಗೇ ಉಂಟಲ್ಲ."

"ಉಂಟು. ಚೀಟಿ ಕಳೆದು ಹೋದ್ರೆ?"

"ಹೆಂಗೆ ಕಳೆಯುತ್ತೆ?"

"ಎರಡು ಆರ್ಸಿಯನ್ನ ಒಂದಕ್ಕೊಂದು ಗಂಟು ಹಾಕಿ, ಒಳಗೆ ಚೀಟಿ ಇಡು. ಇವನು ಬಿಡೋವರೆಗೆ ಅವನು ಬಿಡಲ್ಲ, ಅವನು ಬಿಡೋವರೆಗೆ ಇವನು ಬಿಡಲ್ಲ. ಡಿಸ್ಟ್ರಕ್ಟರ್ ಓಡೋದೇ ಇಲ್ಲ. ಫಂಕ್ಷನ್ ಮುಗೀತು, ಏಣಿ ಹೋಯ್ತು, ಆಳು ಮರದ ಮೇಲೇ. ಇಷ್ಟೆಲ್ಲಾ ಮಾಡೋಕೆ, ಕಂಪೈಲರಿನ ಕಾವಲು ಸಡಿಲಿಸೋ ಅನ್‌ಸೇಫ್ ಅಂತ ಒಂದು ಸಲವೂ ಬರೀಬೇಕಾಗಿರಲಿಲ್ಲ."

1.0 ಬರಲು ಕೆಲವೇ ವಾರ ಇದ್ದಾಗ ಇದು ಬೆಳಕಿಗೆ ಬಂತು. ಮನೆ ಒಕ್ಕಲಿನ ಹೊತ್ತಿಗೆ ತೊಲೆಯಲ್ಲಿ ಗೆದ್ದಲು ಸಿಕ್ಕರೆ ಎಂಥಾ ಗಲಾಟೆ ಎದ್ದಿರಬೇಡ! ಆ ಫಂಕ್ಷನ್ನನ್ನೇ ತೆಗೆದು ಹಾಕಿದರು. ಡಿಸ್ಟ್ರಕ್ಟರ್ ಓಡಿಯೇ ಓಡುತ್ತೆ ಅಂತ ನಂಬಿ ಯಾರೂ ಮೆಮೊರಿಯ ಸುರಕ್ಷತೆ ಕಟ್ಟಬಾರದು ಅಂತ ತೀರ್ಮಾನ ಆಯಿತು. ಬೇಕಂತಲೇ ಡಿಸ್ಟ್ರಕ್ಟರ್ ಓಡಿಸದೆ ಬಿಡುವ ಫರ್ಗೆಟ್ ಅನ್ನುವ ಫಂಕ್ಷನ್ ಮೊದಲು ಅನ್‌ಸೇಫ್ ಪಟ್ಟಿಯಲ್ಲಿತ್ತು, ಅದನ್ನೂ ಸೇಫ್ ಅಂತ ಮಾಡಿದರು. ಹೇಗೂ ಸೇಫ್ ಕೋಡಿನಲ್ಲೇ ಡಿಸ್ಟ್ರಕ್ಟರ್ ಓಡದ ಹಾಗೆ ಸೋರಿಸಬಹುದು ಅಂತ ಆದ ಮೇಲೆ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟು ಏನು ಸುಖ?

ಆಮೇಲೆ ಸುಮಾರು ವರ್ಷ ಜನ ಕ್ರಾಸ್‌ಬೀಮ್, ರೇಯಾನ್ ಅಂತ ಹೊರಗಿನ ಲೈಬ್ರರಿಗಳಲ್ಲಿ ಈ ಕೆಲಸ ಮಾಡಿಕೊಂಡರು. ಸ್ಟ್ಯಾಂಡರ್ಡ್ ಲೈಬ್ರರಿಗೆ ಇದು ವಾಪಸ್ ಬಂದಿದ್ದು 2022ರ ಆಗಸ್ಟಿನಲ್ಲಿ, ರಸ್ಟ್ 1.63ರಲ್ಲಿ. ಹೆಸರು ಥ್ರೆಡ್ ಸ್ಕೋಪ್.

"ಏಳು ವರ್ಷ ಬೇಕಾಯ್ತಾ?" ಅಂದ ಹನೀಫ. "ನಮ್ಮೂರ ರಸ್ತೆಗಿಂತ ಬೇಗ ಆಯ್ತು ಬಿಡಿ."

"ಈಗ ಚೀಟಿ ಕಳೆದ್ರೆ?" ಗಣು ಕೇಳಿದ.

"ಕಳೆದುಕೋ, ಯಾರು ಬೇಡ ಅಂದ್ರು? ಈಗ ನೀನು ಮಾಡೋ ಕೆಲಸವನ್ನೆಲ್ಲ ಒಂದು ಕ್ಲೋಷರಿನಲ್ಲಿ ಬರೆದು ಸ್ಕೋಪಿನ ಕೈಗೆ ಕೊಡಬೇಕು. ಥ್ರೆಡ್ಡುಗಳು ಹುಟ್ಟೋದು ಆ ಸ್ಕೋಪಿನ ಒಳಗೆ. ಎಷ್ಟು ಜನ ಒಳಗಿದ್ದಾರೆ ಅಂತ ಅದೇ ಎಣಿಸಿ ಇಟ್ಕೊಂಡಿರುತ್ತೆ. ನಿನ್ನ ಕ್ಲೋಷರ್ ಮುಗಿದ್ರೂ, ಮಧ್ಯದಲ್ಲಿ ಪ್ಯಾನಿಕ್ ಆಗಿ ಬಿದ್ದು ಹೋದ್ರೂ, ಕೊನೇ ಥ್ರೆಡ್ ಮುಗಿಯೋವರೆಗೂ ಸ್ಕೋಪ್ ಆಚೆ ಬರಲ್ಲ. ಮೊದಲು ಕಾಯೋ ಜವಾಬ್ದಾರಿ ನಿನ್ನ ಕೈಯಲ್ಲಿರೋ ಚೀಟಿ ಮೇಲಿತ್ತು. ಈಗ ಲೈಬ್ರರಿಯೇ ಹೊತ್ಕೊಂಡಿದೆ."

ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವ ಜಾಗ ಇದೇ. ಕೆಲವರು ಇದನ್ನು ಬರೀ ಆರ್ಕ್ ಟೈಪ್ ಮಾಡುವ ರಗಳೆ ತಪ್ಪಿಸಿಕೊಳ್ಳುವ ದಾರಿ ಅಂದುಕೊಂಡಿದ್ದಾರೆ. ಅಷ್ಟೇ ಅಲ್ಲ. ಎರವಲು ಕೊಡುವುದರಲ್ಲಿ ಅಪಾಯ ಇಲ್ಲ. ಕೊಟ್ಟ ಮಾಲು ವಾಪಸ್ ಬರುವ ಮೊದಲೇ ಕೊಟ್ಟವನು ಜಾಗ ಖಾಲಿ ಮಾಡುವುದರಲ್ಲಿದೆ ಅಪಾಯ. ಕೊಟ್ಟವನನ್ನೇ ಅಲ್ಲಿ ಕೂರಿಸಿಬಿಟ್ಟರೆ ಸ್ಟ್ಯಾಕಿನ ಮೇಲಿನ ವೆಕ್ಟರನ್ನು ಆರ್ಕ್ ಇಲ್ಲದೆ, ಕಾಪಿ ಇಲ್ಲದೆ ನಾಲ್ಕು ಜನಕ್ಕೂ ತೋರಿಸಬಹುದು. ಇನ್ನೊಂದು ಕಡೆ, ಒಂದು ಥ್ರೆಡ್ ಕೊನೆಯಿಲ್ಲದ ಲೂಪಿಗೆ ಬಿದ್ದರೆ ಸ್ಕೋಪೂ ಕಾಯುತ್ತಲೇ ಇರುತ್ತೆ. ಪ್ರೋಗ್ರಾಮ್ ಅಲ್ಲೇ ಬೇರು ಬಿಡುತ್ತೆ. ಮೆಮೊರಿ ಕೆಡಲ್ಲ, ಅಷ್ಟೇ ಸಮಾಧಾನ.

ಗಣು ಹೊಸದಾಗಿ ಬರೆದ. ವೆಕ್ಟರನ್ನು ನಾಲ್ಕು ತುಂಡು ಮಾಡಿ ಸ್ಕೋಪಿನ ಒಳಗೆ ನಾಲ್ಕು ಥ್ರೆಡ್ಡಿಗೆ ಕೊಟ್ಟ. ಹೊರಗೆ ಒಟ್ಟು ಅಂತ ಒಂದು ವೇರಿಯೇಬಲ್ ಇಟ್ಟು, ಎಲ್ಲರೂ ಅದಕ್ಕೇ ಸೇರಿಸಲಿ ಅಂದ. ಮತ್ತೆ ಕೆಂಪು.

"ಈಗೆಂತ? ಏಣಿ ಹಿಡ್ಕೊಂಡಿದ್ದೀನಲ್ಲ!"

"ಮಾಲು ಇರುತ್ತೋ ಇಲ್ಲವೋ ಅನ್ನೋದು ಒಂದು ಪ್ರಶ್ನೆ. ಯಾರು ಬರೀತಾರೆ ಅನ್ನೋದು ಬೇರೆ ಪ್ರಶ್ನೆ. ಸ್ಕೋಪ್ ಉತ್ತರ ಕೊಡೋದು ಮೊದಲನೇದಕ್ಕೆ ಮಾತ್ರ," ಅಂದರು ಸುಮಕ್ಕ.

ಲೆಡ್ಜರಿನ ಅಂಚಿನಲ್ಲೇ ಪೆನ್ಸಿಲ್ ಹಿಡಿದು ತೋರಿಸಿದರು. ಒಟ್ಟು ಈಗ 340 ಸೆಂಟು. ಮೊದಲನೇ ಥ್ರೆಡ್ಡು 340 ಓದಿತು. ಎರಡನೆಯದೂ 340 ಓದಿತು. ಮೊದಲನೆಯದು 120 ಸೇರಿಸಿ 460 ಅಂತ ಬರೆಯಿತು. ಎರಡನೆಯದು ತನ್ನ 80 ಸೇರಿಸಿ 420 ಅಂತ ಅದರ ಮೇಲೇ ಬರೆಯಿತು. ಬರಬೇಕಾಗಿದ್ದು 540. ಒಂದು ಇಂಚು ಇಪ್ಪತ್ತು ಸೆಂಟು ಮಳೆ ಆವಿಯಾಗಿ ಹೋಯಿತು.

"ಪಕ್ಕದ ತೋಟದವರಿಗೆ ಹೇಳಬೇಡಿ," ಅಂದ ಗಣು ಗಾಬರಿಯಲ್ಲಿ.

ಓದುವವರು ಎಷ್ಟು ಜನ ಬೇಕಾದರೂ ಇರಲಿ, ಬರೆಯುವವನಿದ್ದರೆ ಅವನೊಬ್ಬನೇ ಇರಬೇಕು. ರಸ್ಟಿನ ಎರವಲಿನ ನಿಯಮ ಇಷ್ಟೇ. ಇದರ ಜೊತೆಗೆ ಸೆಂಡ್, ಸಿಂಕ್ ಅಂತ ಎರಡು ಗುರುತು. ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ದಾಟಿಸಬಹುದಾದದ್ದು ಸೆಂಡ್. ಯಾವುದರ ರೆಫರೆನ್ಸ್, ಅಂದ್ರೆ ಎರವಲು, ದಾಟಿಸಬಹುದೋ ಅದು ಸಿಂಕ್. ಸ್ಕೋಪಿನ ಒಳಗಿದ್ದರೂ, ಒಂದೇ ಥ್ರೆಡ್ಡಿಗೆ ಅಂತ ಮಾಡಿದ ರೆಫ್‌ಸೆಲ್‌ನ ರೆಫರೆನ್ಸ್ ಇನ್ನೊಂದು ಥ್ರೆಡ್ಡಿಗೆ ಹೋಗುವುದಿಲ್ಲ, ಅದಕ್ಕೆ ಸಿಂಕ್ ಗುರುತಿಲ್ಲ.

"ಒಬ್ಬೊಬ್ಬರೇ ಬರೆಯೋ ಹಾಗೆ ಬೀಗ, ಮ್ಯೂಟೆಕ್ಸ್ ಹಾಕ್ಲಾ?"

"ಹಾಕಬಹುದು. ಸ್ಕೋಪ್ ಇರೋದ್ರಿಂದ ಅದಕ್ಕೂ ಆರ್ಕ್ ಬೇಡ, ಸ್ಟ್ಯಾಕಿನಲ್ಲೇ ಇಟ್ಟು ಎರವಲು ಕೊಡಬಹುದು. ಆದ್ರೆ ಪ್ರತಿ ಅಂಕಿಗೂ ಬೀಗ ಹಾಕಿ ತೆಗೆದು ಮಾಡ್ತಾ ಕೂತ್ರೆ ಆಗುತ್ತಾ? ಪ್ರತಿ ಥ್ರೆಡ್ಡೂ ತನ್ನ ಪಾಲಿನ ಮೊತ್ತ ತಾನೇ ಕೂಡಿಸಲಿ. ಕೊನೆಗೆ ಅದು ಮುಗಿಯೋದನ್ನ ಕಾದು ಜಾಯಿನ್ ಮಾಡಿದಾಗ ಕೊಡುತ್ತೆ. ನಾಲ್ಕು ಅಂಕಿ ನೀನು ಕೂಡಿಸು."

ಗಣುವಿನಮ್ಮ ಇನ್ನೊಂದು ಸುತ್ತು ಪಾಯಸ ತಂದರು. "ಕೊನೆಗೂ ನೀನೇ ಕೂಡಿಸೋದಾದ್ರೆ ಇಷ್ಟೊತ್ತು ಕರೆಂಟು ಎಂತಕ್ಕೆ ಸುಟ್ಟೆ?" ಅಂತ ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಈ ಸಲ ಕೆಂಪು ಬರಲಿಲ್ಲ. ತಿಂಗಳ ಮೊತ್ತಗಳು ಸಾಲಾಗಿ ಬಿದ್ದವು. 2018ರ ಆಗಸ್ಟ್ ಬಂದಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಆ ತಿಂಗಳು ಗುಡ್ಡ ಕುಸಿದಿದ್ದು ನೋಡಿದವರಿಗೆ ಅದು ಬರೀ ಅಂಕಿಯಲ್ಲ. ಗಣು ಮೆಲ್ಲಗೆ ಮೇಲಕ್ಕೆ ಸ್ಕ್ರೋಲ್ ಮಾಡಿ 1974ರ ಜುಲೈಗೆ ನಿಲ್ಲಿಸಿ, ತಾತನ ಪೆನ್ಸಿಲ್ ಮೊತ್ತದ ಜೊತೆ ಹೋಲಿಸಿದ. ಸರಿಯಾಗಿ ಒಂದು ಇಂಚು ಕಮ್ಮಿ.

ಹನೀಫ ಎದ್ದು ನಿಂತ. "ನುಂಗ್ತು! ನಿಮ್ಮ ಥ್ರೆಡ್ಡು ಮಳೆ ನುಂಗ್ತು! ಪಾಪ, ನನ್ನ ಸಿ ಭಾಷೆಗೆ ಬೈದಿರಿ."

"ಇನ್ನೊಂದು ಸಲ ಓಡಿಸು," ಅಂದೆ. ಅದೇ ಮೊತ್ತ. ಮತ್ತೊಂದು ಸಲ. ಅದೇ ಮೊತ್ತ. ಥ್ರೆಡ್ಡುಗಳ ಕಚ್ಚಾಟವಾಗಿದ್ದರೆ ಇಷ್ಟು ಸಲಕ್ಕೆ ಒಮ್ಮೆಯಾದರೂ ಬೇರೆ ಅಂಕಿ ಬರುವ ಸಾಧ್ಯತೆ ಇತ್ತು. ನಾಲ್ಕನ್ನು ತೆಗೆದು ಒಂದೇ ಥ್ರೆಡ್ ಮಾಡಿ ಓಡಿಸಿದೆವು. ಆಗಲೂ ಒಂದು ಇಂಚು ಕಮ್ಮಿಯೇ.

ಸುಮಕ್ಕ ಲೆಡ್ಜರಿನ ಆ ಪುಟ ತೆಗೆದು, ಒಂದೊಂದೇ ದಿನಕ್ಕೆ ಬೆರಳಿಟ್ಟು ಸ್ಕ್ರೀನಿನ ಜೊತೆ ತಾಳೆ ನೋಡಿದರು. ಒಂದು ಕಡೆ ಬೆರಳು ನಿಂತಿತು. ಪುಸ್ತಕದಲ್ಲಿ ೭-೪೦. ಫೈಲಿನಲ್ಲಿ 6-40.

"ಇದು ಆರೇ," ಅಂದ ಹನೀಫ.

"ಏಳು," ಅಂದರು ಗಣುವಿನಮ್ಮ, ಬಾಗಿಲಲ್ಲೇ ನಿಂತು. "ಮಾವನ ಏಳು ಹಾಗೇ ಇರೋದು."

"ಹಾಗಾದ್ರೆ ಅವರ ಆರು ಹೆಂಗಿರುತ್ತೆ ಆಂಟಿ?"

ಅವರು ಬಂದು ಪುಟ ತಿರುಗಿಸಿ ಒಂದು ಆರು ತೋರಿಸಿದರು. ನಾವು ನಾಲ್ಕೂ ಜನ ಬಗ್ಗಿ ನೋಡಿದೆವು. ಅದೂ ಹಾಗೇ ಇತ್ತು.

"60 ವರ್ಷ, 720 ತಿಂಗಳು," ಅಂತ ಲೆಕ್ಕ ಹಾಕಿದ ಗಣು. "ಪೆನ್ಸಿಲ್ ಮೊತ್ತ ಟೈಪ್ ಮಾಡಿಲ್ಲ. ಎಲ್ಲ ಕಣ್ಣಲ್ಲೇ ನೋಡಬೇಕು. ನಾಲ್ಕು ಜನ ಇದ್ದೀವಿ, ತಲಾ 180."

"ಅಂಗಡಿ ಹುಡುಗ ಒಬ್ಬನೇ ಇದ್ದಾನೆ," ಅಂತ ಹನೀಫ ಕೊಡೆ ಹುಡುಕತೊಡಗಿದ. "ನನಗೆ ಕಾಯಬೇಡಿ, ನನ್ನನ್ನ ಡಿಟ್ಯಾಚ್ ಮಾಡಿಬಿಡಿ."

"ಸ್ಕೋಪಿನ ಒಳಗೆ ಹುಟ್ಟಿದವನು ನೀನು," ಅಂದರು ಸುಮಕ್ಕ, ಅವನ ಕೈಗೆ ಪೆನ್ಸಿಲ್ ಕೊಡುತ್ತಾ.