ಸುಮಾ ಕೇಳಿದ ನೀರಿನ ಸಹಿ ವಿಚಾರ

ಸುಮಾ, ನೀನು ರಾತ್ರಿ ಹಾಕಿದ ವಾಯ್ಸ್ ಮೆಸೇಜ್ ಈಗ ಕೇಳಿಸ್ಕೊಂಡೆ. ನಲ್ಲಿ ಕೆಲಸ ಮುಗೀತು, ಅದನ್ನ ಊರಿಗೆ ವಹಿಸ್ಕೊಳ್ಳೋ ಹಸ್ತಾಂತರಕ್ಕೆ ನೀರು ಸಮಿತಿಯವರಾದ ನಾವು ಸಹಿ ಹಾಕ್ಬೇಕಂತೆ, ವಂತಿಗೆ ಬೇರೆ ಕೇಳ್ತಿದ್ದಾರಂತೆ, ಏನ್ಮಾಡ್ಲಿ ಮಾವ ಅಂದಿದ್ದೀಯ. ಬೇಸಿಗೇಲಿ ಬೋರಿನ ನೀರು ಅಳೆಯದೆ ಸಹಿ ಹಾಕ್ಬೇಡಮ್ಮ.

ನಮ್ಮ ಮೇಲಿನ ಕೇರಿ ಬೋರು ಎಲ್ಲರಿಗೂ ಗೊತ್ತಲ್ಲ, ಅಣ್ಣನ ಗದ್ದೆ ಪಕ್ಕದ್ದು. ಮಳೆ ಬಿಟ್ಟ ಕೂಡಲೇ ಕೊರೆದ್ರು. ಅರ್ಧ ಗಂಟೆ ಮೋಟಾರು ಓಡಿಸಿ, ಧಾರೆ ಚೆನ್ನಾಗಿದೆ ಅಂತ ಬರ್ಕೊಂಡು ಹೋದ್ರು. ಆಗ ಬಂಡೆ ಮೇಲಿನ ಮಣ್ಣು, ಶಿಥಿಲ ಕಲ್ಲಿನ ಪದರ ಎಲ್ಲ ನೀರು ತುಂಬ್ಕೊಂಡೇ ಇರುತ್ತೆ. ಮಾರ್ಚಿಗೆ ಅದು ಬಸಿದು ಹೋಗಿ, ಬಂಡೆ ಬಿರುಕಿನ ನೀರಷ್ಟೇ ಉಳೀತು. ಪಂಪು ಗಾಳಿ ಎಳೀತು, ಕೆಂಪು ರಾಡಿ ಬಂತು, ಕೊನೆಗೆ ಮೋಟಾರಿನ ವೈಂಡಿಂಗ್ ಸುಟ್ಟೋಯ್ತು. ಸಬ್‌ಮರ್ಸಿಬಲ್ ಮೋಟಾರು ತಣ್ಣಗಿರೋದೇ ಸುತ್ತ ಇರೋ ನೀರಿಂದ. ಪ್ಯಾನಲ್‌ನಲ್ಲಿ ಡ್ರೈ ರನ್, ಅಂದ್ರೆ ನೀರಿಲ್ದೆ ಮೋಟಾರು ಓಡೋದನ್ನ ತಡೆಯೋ ರಿಲೇನೇ ಹಾಕಿರ್ಲಿಲ್ಲ. ಸಹಿ ಆಗಿತ್ತಲ್ಲ, ರಿಪೇರಿ ಖರ್ಚು ಊರಿನ ತಲೆಗೇ ಬಂತು.

ಅಳೆಯೋದು ಕಷ್ಟ ಇಲ್ಲ. ನಿಮ್ಮೂರಲ್ಲಿ 60 ಮನೆ, ಮನೆಗೆ 5 ಜನ, ತಲೆಗೆ ದಿನಕ್ಕೆ 55 ಲೀಟರ್, ಮನೆಮನೆಗೆ ನಲ್ಲಿ ಹಾಕೋ ಈ ಜಲ ಜೀವನ್ ಮಿಷನ್ ಯೋಜನೆ ಲೆಕ್ಕ ಅದೇ. ಒಟ್ಟು 16,500 ಲೀಟರ್. 200 ಲೀಟರ್ ಡ್ರಮ್ಮು 4 ನಿಮಿಷಕ್ಕೆ ತುಂಬಿದ್ರೆ ಗಂಟೆಗೆ 3,000 ಲೀಟರ್, ಐದೂವರೆ ಗಂಟೆ ಓಡಿಸಿದ್ರೆ ಸಾಕು. ಏಪ್ರಿಲಲ್ಲಿ ಅದೇ ಡ್ರಮ್ಮಿಗೆ 10 ನಿಮಿಷ ಹಿಡಿದ್ರೆ ಹೆಚ್ಚುಕಮ್ಮಿ 14 ಗಂಟೆ ಬೇಕು. ಅಷ್ಟು ಹೊತ್ತು ತ್ರೀ ಫೇಸ್ ಎಲ್ಲಿರುತ್ತೆ? ಶುರುವಲ್ಲಿ ಬರೋದು ಬೋರಲ್ಲಿ ನಿಂತಿದ್ದ ನೀರು, ಅದನ್ನ ಅಳೆದು ಪ್ರಯೋಜನ ಇಲ್ಲ. ಬೆಳಿಗ್ಗೆಯಿಂದ ಓಡಿಸಿ ಮಧ್ಯಾಹ್ನ ಡ್ರಮ್ಮು ಇಡ್ಬೇಕು. ಮತ್ತೆ ಹೇಳ್ತೀನಿ ಸುಮಾ, ಮಳೆಗಾಲದ ಧಾರೆ ನಂಬಿ ಸಹಿ ಹಾಕ್ಬೇಡ.

ಈ ಯೋಜನೆ ಮಾಡೋರಿಗೆ ನಮ್ಮ ಮಳೆ ಅಂಕಿ ಒಂದೇ ಕಾಣೋದು, ಕೊಡಗಿಗೇನು ನೀರಿಗೆ ಬರ ಅಂತಾರೆ. ಕಾವೇರಿ ಹುಟ್ಟೋದು ಇಲ್ಲಿ, ಹಾರಂಗಿ ಅಣೆಕಟ್ಟು ಇಲ್ಲಿ, ಗುಡ್ಡದ ಮೇಲಿನ ಕೇರಿಗೆ ಮಾತ್ರ ಬೇಸಿಗೇಲಿ ಟ್ಯಾಂಕರ್. ತೋಟದ ಲೈನ್ ಮನೇಲಿರೋ ಕೂಲಿಯವರನ್ನ ಎಷ್ಟೋ ಕಡೆ ಲೆಕ್ಕಕ್ಕೇ ಹಿಡಿಯಲ್ಲ, ಅವರು ಕುಡಿಯೋದು ತೋಡಿನ, ಅಂದ್ರೆ ಹಳ್ಳದ ನೀರು. ಕಾಫಿ ಹಣ್ಣು ಪಲ್ಪ್ ಮಾಡೋ ಸಮಯದಲ್ಲಿ ಆ ಹುಳಿ ನೀರನ್ನೂ ಅದೇ ತೋಡಿಗೆ ಬಿಡೋರಿದ್ದಾರೆ. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ನಿಮ್ಮೂರ 60 ಮನೇಲಿ ಲೈನ್ ಮನೆ ಸೇರಿದ್ಯಾ ಅಂತ ಪಟ್ಟಿ ತರಿಸಿ ನೋಡು.

ಅಯ್ಯೋ, ನೀನು ವಂತಿಗೆ ಕೇಳಿದ್ದೆ ಅಲ್ವಾ. ಊರೊಳಗಿನ ಕಾಮಗಾರಿ ವೆಚ್ಚದಲ್ಲಿ ನೂರಕ್ಕೆ 10. ಬೆಟ್ಟ, ಕಾಡಿನ ಪ್ರದೇಶಕ್ಕೆ ಮತ್ತೆ ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರೋ ಊರಿಗೆ 5. ದುಡ್ಡೇ ಆಗ್ಬೇಕಂತಿಲ್ಲ, ಸಾಮಾನು ಕೊಟ್ಟೋ ಕೂಲಿ ಕೆಲಸ ಮಾಡಿಯೋ ತೀರಿಸ್ಬಹುದು. ನಿಮಗೆ ಯಾವುದು ಹಾಕಿದ್ದಾರೆ ಅಂತ ಇಂಜಿನಿಯರ್ ಹತ್ರ ಬರವಣಿಗೇಲಿ ತಗೋ, ರಶೀದಿ ಇಲ್ದೆ ಕೊಡ್ಬೇಡ. ಗ್ರಾಮಸಭೆ ನಡಾವಳೀಲಿ ‘ಏಪ್ರಿಲ್ ಅಳತೆ ಆದ ಮೇಲೆ ಹಸ್ತಾಂತರ’ ಅಂತ ಬರೆಸು, ಡ್ರೈ ರನ್ ರಿಲೇನೂ ಸೇರಿಸು. ಮತ್ತೆ, ಕೊನೇ ಮನೆ ನಲ್ಲೀಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ನಾದ್ರೂ ಉಳಿದಿರ್ಬೇಕು, ಪಂಚಾಯ್ತಿ ಕಿಟ್ ತಂದು ನಿನ್ನ ಎದುರೇ ಪರೀಕ್ಷೆ ಮಾಡ್ಲಿ.