ಸಹಾಯ ಬೇಕು: ಚಿತ್ರಕ್ಕೆ ಅಂಟಿಸಿದ ಜಕರಾಂಡ ಎಸಳು ಕಂದಾಗುತ್ತಿದೆ

ನಮಸ್ಕಾರ. ನಾನು ಜಯನಗರದವಳು. ಆಕ್ರಿಲಿಕ್ ಬಣ್ಣ, ಕೈಕಾಗದ, ತೊಗಟೆ, ಒಣಗಿದ ಎಲೆ, ಹೂ ಸೇರಿಸಿ ಮಿಶ್ರ ಮಾಧ್ಯಮದ ಚಿತ್ರಗಳನ್ನು ಮಾಡುತ್ತೇನೆ. ಮರಗಳೆಂದರೆ ನನಗೆ ಪ್ರಾಣ. ವರ್ಷದ ಮೊದಲಿಗೆ ಟಬೂಬಿಯಾದ ಗುಲಾಬಿ, ಆಮೇಲೆ ಜಕರಾಂಡದ ನೇರಳೆ, ಮೇ ಹೊತ್ತಿಗೆ ಗುಲ್‌ಮೊಹರ್‌ನ ಕೆಂಪು: ಬೆಂಗಳೂರಿನ ಈ ಸರದಿಯನ್ನೇ ಚಿತ್ರಸರಣಿಯಾಗಿ ಮಾಡುತ್ತಿದ್ದೇನೆ. ಪಾದಚಾರಿ ಮಾರ್ಗದಲ್ಲಿ ಉದುರಿದ್ದನ್ನಷ್ಟೇ ಆರಿಸುತ್ತೇನೆ, ಕೊಂಬೆಗೆ ಕೈ ಹಾಕುವುದಿಲ್ಲ.

ಕೊಳೆಸಿ ತೆಗೆದ ಅರಳಿ ಎಲೆಯ ಜಾಲದಿಂದ ಏನೂ ತೊಂದರೆಯಿಲ್ಲ. ತೊಂದರೆಯೆಲ್ಲ ಜಕರಾಂಡದ್ದು. ಬ್ಲಾಟಿಂಗ್ ಕಾಗದದ ನಡುವೆ ಒತ್ತಿ ಒಣಗಿಸಿದಾಗ ಬಣ್ಣ ಚೆನ್ನಾಗಿಯೇ ಉಳಿಯುತ್ತದೆ. ಆಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಆಕ್ರಿಲಿಕ್ ದ್ರವ) ಹಚ್ಚಿ ಕ್ಯಾನ್ವಾಸಿಗೆ ಅಂಟಿಸಿದ ಮೇಲೆ ಮಾತ್ರ ಅಂಚು ಮಂಕಾಗಿ, ನರಗಳ ಗುಂಟ ಕಂದು ಹರಡುತ್ತದೆ. ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಒಣಗಿಸಿ ನೋಡಿದೆ. ಅಂಟು ಬದಲಿಸಿದೆ. ಬಿಸಿಲು ಬೀಳದ ಕೋಣೆಯಲ್ಲಿಟ್ಟೆ. ಸ್ವಲ್ಪ ತಡವಾಗುತ್ತದೆ, ಅಷ್ಟೆ. ಅದೇ ನೇರಳೆಯನ್ನು ಎಸಳಿನ ಮೇಲೆ ಬಳಿದುಬಿಡು ಎಂದು ಗೆಳತಿಯರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುವುದಿಲ್ಲ, ಹೂವಿನ ಸ್ವಂತ ಬಣ್ಣವೇ ಬೇಕು.

ಇಂಥ ಹೂಗಳ ನೇರಳೆಗೆ ಕಾರಣವಾದ ಆಂಥೋಸಯನಿನ್ ಎಂಬ ವರ್ಣದ್ರವ್ಯದ ಬಣ್ಣ ಆಮ್ಲಕ್ಕೆ, ಕ್ಷಾರಕ್ಕೆ ತಕ್ಕಂತೆ ಬದಲಾಗುತ್ತದೆ. ಆಕ್ರಿಲಿಕ್ ಮೀಡಿಯಂ ತುಸು ಕ್ಷಾರೀಯ, ಅದರಲ್ಲಿ ನೀರೂ ಇದೆ. ಎಸಳನ್ನು ಕೆಡಿಸುತ್ತಿರುವುದು ಕ್ಷಾರವೋ ತೇವವೋ ಎಂಬುದೇ ನನಗೆ ಬಗೆಹರಿಯುತ್ತಿಲ್ಲ.

ಒತ್ತಿದ ಹೂಗಳೊಂದಿಗೆ ಕೆಲಸ ಮಾಡುವವರು ದಯವಿಟ್ಟು ತಿಳಿಸಿ: ಅಂಟಿಸುವ ಮೊದಲು ಎಸಳಿನ ಎರಡೂ ಬದಿಗೆ ನೀರಿಲ್ಲದ ವಾರ್ನಿಷ್ ಸಿಂಪಡಿಸಿದರೆ ಬಣ್ಣ ಉಳಿಯುತ್ತದೆಯೇ? ಉಳಿದರೆ, ಅದರ ಮೇಲೆ ಆಕ್ರಿಲಿಕ್ ಮೀಡಿಯಂ ಕಚ್ಚಿಕೊಳ್ಳುತ್ತದೆಯೇ?