ಕುಂಡ ಹೂಳುವ ಮರಳಿನ ಕಟ್ಟೆ: ಇಟ್ಟಿಗೆಯೋ, ಮರವೋ, ಅಲ್ಯೂಮಿನಿಯಮ್ಮೋ?

ಪ್ರಶ್ನೆ:
ಆಲ್ಪೈನ್ ಗಿಡಗಳಿಗೆಂದೇ (ಎತ್ತರದ ಬೆಟ್ಟಗಳ ಗಿಡಗಳು) 8 ಅಡಿ ಉದ್ದದ ಚಿಕ್ಕ ಗಾಜಿನ ಮನೆ ಮಾಡಿಸಿದ್ದೇನೆ. ಡಯೊನಿಸಿಯಾ, ಆಂಡ್ರೊಸೇಸ್ ಥರ ದಿಂಬಿನ ಹಾಗೆ ಒತ್ತಾಗಿ ಬೆಳೆಯುವ ಗಿಡಗಳೇ ಜಾಸ್ತಿ. ಕುಂಡಗಳನ್ನು ಕಂಠದವರೆಗೆ ಮರಳಲ್ಲಿ ಹೂತಿಡಬೇಕು ಅಂತಿದ್ದೇನೆ. ಗಾಜಿನ ಮನೆ ಜೊತೆ ಬಂದ ಅಲ್ಯೂಮಿನಿಯಂ ಸ್ಟ್ಯಾಂಡ್ ಮೇಲೇ ಟ್ರೇ ಇಟ್ಟು ಮರಳು ತುಂಬಿದರೆ ಸಾಕಾ? ಇಲ್ಲ, ಹೊಸದಾಗಿ ಕಟ್ಟಿಸಬೇಕಾ? ಮಾಡಿಸಿದವರು ಹೇಳಿ.

ಉತ್ತರ 1:
ಮೊದಲು ತೂಕದ ಲೆಕ್ಕ ಹಾಕಿ. ಇಟ್ಟಿಗೆಯೋ ಮರವೋ ಅನ್ನೋದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಹತ್ತಿರ ಇರುವ ಅತಿ ಆಳದ ಕುಂಡ ಅಳೆಯಿರಿ. ಅದರ ತಳದ ಕೆಳಗೂ ಒಂದೆರಡು ಇಂಚು ಮರಳು ಇರಬೇಕು. ಹಾಗಾಗಿ 8 ಇಂಚು ಆಳ ಇಟ್ಟುಕೊಳ್ಳೋಣ. 8 ಅಡಿ ಉದ್ದ, ಎರಡೂವರೆ ಅಡಿ ಅಗಲ ಅಂದರೆ ಒದ್ದೆ ಮರಳೇ ಸುಮಾರು 700 ಕೆ.ಜಿ. ಆಗುತ್ತದೆ. ಕುಂಡ ಹೂತಷ್ಟು ಮರಳು ಕಡಿಮೆ ಬೇಕು, ನಿಜ. ಆದರೆ ಆ ಜಾಗಕ್ಕೆ ಒದ್ದೆ ಮಣ್ಣು, ಜಲ್ಲಿ ಬಂದು ಕೂರುತ್ತದಲ್ವಾ? ನಿಮ್ಮ ಅಲ್ಯೂಮಿನಿಯಂ ಸ್ಟ್ಯಾಂಡ್ ಸಸಿ ಟ್ರೇ ಹೊರೋಕೆ ಮಾಡಿದ್ದು. ಇಷ್ಟು ಭಾರಕ್ಕೆ ಅದು ಬಾಗುತ್ತದೆ. ಮಣ್ಣಿನ ನೆಲವಾದರೆ ಕಾಲು ಕೂಡ ಹೂತುಹೋಗುತ್ತದೆ.

ನನ್ನದು ಸಿಮೆಂಟ್ ಬ್ಲಾಕಿನ ಕಂಬಗಳ ಮೇಲೆ ದಪ್ಪ ಚಪ್ಪಡಿ ಹಾಸಿ, ಸುತ್ತ ಇಟ್ಟಿಗೆ ಏರಿಸಿದ ಕಟ್ಟೆ. ನೋಡೋಕೆ ಒರಟು, ಆದರೆ ಅಲುಗಾಡೋದಿಲ್ಲ. ಚಪ್ಪಡಿಗಳ ನಡುವೆ ಬೆರಳು ಸಂದು ಬಿಟ್ಟು, ಅದರ ಮೇಲೆ ಸಣ್ಣ ಕಣ್ಣಿನ ಬಲೆ ಹಾಸಿದ್ದೇನೆ. ನೀರು ಇಳಿಯುತ್ತದೆ, ಮರಳು ನಿಲ್ಲುತ್ತದೆ. ಕಟ್ಟೆಯ ಗೋಡೆ ಗಾಜಿನ ಮನೆಯ ಚೌಕಟ್ಟಿಗೆ ತಾಗಬಾರದು. ಮರಳು ಹೊರಕ್ಕೆ ಒತ್ತುತ್ತಲೇ ಇರುತ್ತದೆ, ಆ ಒತ್ತಡ ಗಾಜಿನ ಮೇಲೆ ಬೀಳಬಾರದು. ನಡುವೆ ನಾಲ್ಕು ಬೆರಳು ಜಾಗ ಬಿಟ್ಟರೆ ಗಾಳಿಯೂ ಆಡುತ್ತದೆ. ಈ ಗಿಡಗಳಿಗೆ ಚಳಿಗಿಂತ ನಿಂತ ಗಾಳಿಯೇ ದೊಡ್ಡ ಶತ್ರು.

ಅಗಲ ಎರಡೂವರೆ ಅಡಿ ದಾಟಿಸಬೇಡಿ. ಹಿಂದಿನ ಸಾಲಿನ ಕುಂಡ ಎತ್ತೋಕೆ ಮುಂದಿನ ಗಿಡದ ಮೇಲೆ ಬಗ್ಗಬೇಕಾಗುತ್ತದೆ.

ಉತ್ತರ 2:
ನಾನು ಮರದ ಕಡೆ. ದಪ್ಪ ತೊಲೆ, ದಪ್ಪ ಹಲಗೆ, ಒಳಗೆ ಕೊಳಕ್ಕೆ ಹಾಸುವ ರಬ್ಬರ್ ಶೀಟ್. ಶೀಟಿನ ತಳದಲ್ಲಿ ತೂತು ಮಾಡೋದು ಮರೆಯಬೇಡಿ, ಇಲ್ಲದಿದ್ದರೆ ಅದು ಕೆರೆಯೇ. ಉದ್ದದ ಹಲಗೆ ನಡುವೆ ಉಬ್ಬದಂತೆ ಮೂರು ನಾಲ್ಕು ಅಡಿಗೊಂದು ಅಡ್ಡಪಟ್ಟಿ ಬೇಕು. ಹಳೆ ರೈಲ್ವೆ ಸ್ಲೀಪರ್ ಸಿಕ್ಕರೂ ಬೇಡ. ಮರ ಕೊಳೆಯದಂತೆ ಅದಕ್ಕೆ ಬಳಿದಿರುವ ಕ್ರಿಯೊಸೋಟ್ ಎಂಬ ಟಾರಿನ ಎಣ್ಣೆ ಬಿಸಿಲಿಗೆ ಆವಿ ಬಿಟ್ಟು ಎಲೆ ಸುಡುತ್ತದೆ. ತಾಮ್ರದ ಔಷಧಿ ಹಾಕಿದ ಮರ ತೇವವಾಗಿ ಅಲ್ಯೂಮಿನಿಯಂಗೆ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ, ಅದನ್ನೂ ನೋಡಿಕೊಳ್ಳಿ.

ಮರದ ಲಾಭ ಒಂದೇ: ಬೇಡ ಅಂದಾಗ ಬಿಚ್ಚಬಹುದು. ಇಟ್ಟಿಗೆ ಕಟ್ಟೆ ಒಡೆಯೋದು ಯಾರಿಗೆ ಬೇಕು!

ಉತ್ತರ 3:
ಕಟ್ಟೆ ಬಗ್ಗೆ ಇಬ್ಬರೂ ಹೇಳಿದ್ದಾರೆ. ಕುಂಡ ಯಾವುದು ಅಂತ ಯಾರೂ ಕೇಳಲಿಲ್ಲ. ಪ್ಲಾಸ್ಟಿಕ್ ಆದರೆ ಇಷ್ಟೆಲ್ಲ ಖರ್ಚು ಬೇಕಾ ಅಂತ ಯೋಚಿಸಿ. ಮರಳು ಅದರ ಬೇರನ್ನು ಬಿಸಿಲು, ಹಿಮದಿಂದ ಕಾಪಾಡುತ್ತದೆ, ಅಷ್ಟೇ. ಸುಟ್ಟ ಮಣ್ಣಿನ ಕುಂಡವಾದರೆ ತೇವ ಗೋಡೆಯ ಮೂಲಕ ಒಳಗೆ ಹೊರಗೆ ಓಡಾಡುತ್ತದೆ. ಡಯೊನಿಸಿಯಾಕ್ಕೆ ಇದೇ ಮುಖ್ಯ. ಇರಾನ್, ಅಫ್ಘಾನಿಸ್ತಾನದ ಬಂಡೆ ಸಂದಿನ ಗಿಡ ಅದು. ಎಲೆ ಗುಂಪಿನ ಮೇಲೆ ನೀರು ನಿಂತರೆ ಕೊಳೆ ಶುರು. ಅದಕ್ಕೇ ನಾನು ಗಿಡಕ್ಕೆ ನೀರು ಹಾಕೋದು ಅಪರೂಪ. ಉದ್ದ ಮೂತಿಯ ಕ್ಯಾನ್ ಹಿಡಿದು ಕುಂಡಗಳ ನಡುವಿನ ಮರಳಿಗೆ ಸುರಿಯುತ್ತೇನೆ. ಸ್ವಲ್ಪ ಹೊತ್ತಿಗೆ ಕುಂಡದ ಅಂಚಿನ ಕೆಂಪು ಬಣ್ಣ ಗಾಢವಾಗುತ್ತಾ ಬರುತ್ತದೆ. ತೇವ ಒಳಗೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಮರಳು ಬರೀ ತಣ್ಣಗೆ, ಸ್ವಲ್ಪ ಹಸಿ ಇದ್ದರೆ ಸಾಕು.

ಆದ್ದರಿಂದ ಕಟ್ಟೆಯನ್ನು ಅಡ್ಡಗೋಡೆ ಹಾಕಿ ಎರಡು ಭಾಗ ಮಾಡಿಸಿ. ಬೇಸಿಗೆಯಲ್ಲಿ ಒಣಗಿರಬೇಕಾದ ಗೆಡ್ಡೆಗಳು ಒಂದು ಕಡೆ, ಈ ದಿಂಬಿನಂಥ ಗಿಡಗಳು ಇನ್ನೊಂದು ಕಡೆ. ಒಂದೇ ಮರಳಲ್ಲಿ ಇಬ್ಬರನ್ನೂ ಸುಧಾರಿಸೋಕೆ ಆಗಲ್ಲ. ರಸಮಟ್ಟ ಇಟ್ಟೇ ತಳ ಹಾಕಿಸಿ. ವಾಲಿದರೆ ಒಂದು ತುದಿ ಯಾವಾಗಲೂ ಕೆಸರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಎಲ್ಲ ಮಣ್ಣಿನ ಕುಂಡಗಳೇ. ಹಾಗಾದರೆ ಬ್ಲಾಕ್ ಕಟ್ಟೆ, ನಡುವೆ ಅಡ್ಡಗೋಡೆ. ಕಟ್ಟಡಕ್ಕೆ ತಂದ ಮರಳು ಮಿಕ್ಕಿದೆ, ಅದನ್ನೇ ತುಂಬಲಾ?

ಉತ್ತರ 1:
ಗಿಲಾವಿಗೆ ತಂದ ನುಣ್ಣನೆ ಮರಳಾದರೆ ಬೇಡ. ಅದು ಒತ್ತಿಕೊಂಡು ಗಟ್ಟಿಯಾಗುತ್ತದೆ, ನೀರು ಇಳಿಯಲ್ಲ. ಕುಂಡ ಎತ್ತಿದರೆ ಗುಂಡಿ ಹಾಗೇ ನಿಲ್ಲಬೇಕು ಅಂತ ಕೆಲವರು ನುಣ್ಣನೆಯದೇ ಹಾಕುತ್ತಾರೆ. ತೊಳೆದ ಒರಟು ಮರಳೂ ತೇವ ಇದ್ದಾಗ ಚೆನ್ನಾಗಿಯೇ ನಿಲ್ಲುತ್ತದೆ. ಸಮುದ್ರದ ಮರಳಂತೂ ಬೇಡವೇ ಬೇಡ, ಉಪ್ಪು.

ಮತ್ತೆ, ತಿಂಗಳಿಗೊಮ್ಮೆ ಕುಂಡವನ್ನು ಅಲ್ಲೇ ಒಂದು ಸುತ್ತು ತಿರುಗಿಸಿ. ಬೇರು ತೂತಿನಿಂದ ಮರಳಿಗೆ ಇಳಿದುಬಿಟ್ಟರೆ ಕುಂಡ ಬದಲಿಸುವಾಗ ಗಿಡಕ್ಕೆ ಪೆಟ್ಟು.